ದಳವಾಯಿಯ ಬಲ ಅರವತ್ತೊಂದು

ಆ ಭಾನುವಾರ ಸಂಜೆ ನಾನು ಆಟದ ನೋಟ್‌ಬುಕ್ಕಿನಲ್ಲಿ ಮೂರು ಅಂಕಿ ಬರೆದೆ. ದಳವಾಯಿಯ ಬಲ ಅರವತ್ತೊಂದು, ಕಳ್ಳನದು ಹದಿನೇಳು, ವೈದ್ಯಳದು ಒಂಬತ್ತು. ಕೆಳಗೆ ಗೀಟು ಎಳೆದು ಪೆನ್ನು ಮುಚ್ಚುವಷ್ಟರಲ್ಲಿ, ವೈದ್ಯಳನ್ನು ಆಡಿಸುತ್ತಿದ್ದ ನನ್ನ ಗೆಳತಿ ಚಾಪೆಯಿಂದ ಎದ್ದು ನಿಂತಳು.

"ಈ ತಿಂಗಳ ಕಡೀಕ ನಾ ತಿಕೋಟಾದಾಗ ಖೋಲಿ ಹಿಡೀತೇನಿ. ಮಾತಾಡಿ ಬಂದೇನಿ."

ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಆಕೆ ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಹೆಸರನ್ನು ಆಗ ಬಿಜಾಪುರ ಎಂದು ಬರೆಯುತ್ತಿದ್ದೆವು. ಗಾಂಧಿ ಚೌಕದ ಹಿಂದಿನ ಓಣಿಯ ಒಂದು ಮಾಳಿಗೆ ಮನೆಯ ಮೇಲಿನ ಖೋಲಿಯಲ್ಲಿ ನಾವು ಮೂವರು ಇದ್ದೆವು. ಮೂವರೂ ಶಾಲೆಯ ಬಾಯಾರು, ಅಂದರೆ ಶಿಕ್ಷಕಿಯರು. ನಾನು ದಿನಾ ಬಬಲೇಶ್ವರದ ಬಸ್ಸು ಹತ್ತುತ್ತಿದ್ದೆ. ಗೆಳತಿ ಬೇರೆ ದಾರಿಯ ಬಸ್ಸು ಹಿಡಿದು ತಿಕೋಟಾದಲ್ಲಿ ಇಳಿಯುತ್ತಿದ್ದಳು. ಮೂರನೆಯವಳು ಗೆಳತಿಯ ಬಸ್ಸಿನಲ್ಲೇ ಮುಂದೆ ಹೊನವಾಡಕ್ಕೆ ಹೋಗಿ ಹೊಲಿಗೆ ಕಲಿಸುತ್ತಿದ್ದಳು. ಹೆಸರು ಬರೆಯುವುದು ಬೇಡ, ಅವರನ್ನು ಊರಿನಿಂದಲೇ ಕರೆಯುತ್ತೇನೆ. ಮನೆಯ ಒಡತಿ ಕೆಳಗೆ ಇರುತ್ತಿದ್ದರು. ಅರವತ್ತು ದಾಟಿದ ಮುಸಲ್ಮಾನ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನಮಗೆಲ್ಲ ಅವರು ಖಾಲಾ, ಚಿಕ್ಕಮ್ಮ. ಮದುವೆಯಾಗದ ಹೆಣ್ಣುಮಕ್ಕಳಿಗೆ ಖೋಲಿ ಕೊಡಲು ಆಗ ಹತ್ತು ಮನೆಯವರು ಹಿಂದೆ ಮುಂದೆ ನೋಡಿದ್ದರು. ಖಾಲಾ ಮಾತ್ರ ನಮ್ಮ ಮುಖ ನೋಡಿ, "ಮ್ಯಾಲಿಂದು ಖಾಲಿ ಐತಿ, ಕಸಾ ಹೊಡಕೋರಿ" ಅಂದಿದ್ದರು, ಅಷ್ಟೇ.

ಆಟ ಬಂದದ್ದು ತಿಕೋಟಾದವಳಿಂದ. ಹಡಗಿನಲ್ಲಿ ಕೆಲಸಕ್ಕಿದ್ದ ಅವಳ ಅಣ್ಣ ಯಾವುದೋ ದೂರದ ಬಂದರಿನಿಂದ ಒಂದು ಪೊಟ್ಟಣ ಕಳಿಸಿದ್ದ. ಒಳಗೆ ಇಂಗ್ಲಿಷಿನ ಮೂರು ತೆಳ್ಳನೆಯ ಪುಸ್ತಕಗಳು. ಹಲಗೆ ಇಲ್ಲ, ಕಾಯಿ ಇಲ್ಲ. ಒಬ್ಬರು ಒಂದು ಕೋಟೆಯನ್ನೂ ಅದರೊಳಗಿನ ಮೃಗಗಳನ್ನೂ ಮನಸ್ಸಿನಲ್ಲೇ ಕಟ್ಟಿ ಹೇಳಬೇಕು. ಉಳಿದವರು ಒಬ್ಬೊಬ್ಬ ವೀರನನ್ನು ಮಾಡಿಕೊಂಡು ಆ ಕೋಟೆ ಹೊಕ್ಕು, ಏನು ಮಾಡುತ್ತೇವೆಂದು ಬಾಯಿಂದ ಹೇಳುತ್ತ ಹೋಗಬೇಕು. ಗೆದ್ದಂತೆಲ್ಲ ವೀರನ ಬಲ ಏರುತ್ತದೆ. ನಾನು ನಿಘಂಟು ಮುಂದಿಟ್ಟುಕೊಂಡು ಆ ನಿಯಮಗಳನ್ನು ಕನ್ನಡಕ್ಕೆ ಇಳಿಸಿದೆ. ನಿಯಮಕ್ಕೆ ಕೆಂಪು ಶಾಯಿ, ಲೆಕ್ಕಕ್ಕೆ ನೀಲಿ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ವಸತಿ ಶಾಲೆಯಲ್ಲಿ ಬೆಳೆದವಳು ನಾನು. ಕೆಂಪಿನಲ್ಲಿ ಬರೆದದ್ದನ್ನು ಹೊಡೆದುಹಾಕಿದ್ದು ನನ್ನ ಜೀವನದಲ್ಲೇ ಇರಲಿಲ್ಲ. ಹೊನವಾಡದವಳು ನನ್ನನ್ನು 'ಕೋಟಿ ಹೆಡ್ ಬಾಯಾರು', ಕೋಟೆಯ ಮುಖ್ಯ ಶಿಕ್ಷಕಿ, ಎಂದು ಕರೆಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಚಾಪೆ ಹಾಸುವುದು, ಐದಕ್ಕೆ ಮಡಚುವುದು. ತಿಕೋಟಾದವಳು ಗಿಡಮೂಲಿಕೆ ಬಲ್ಲ ವೈದ್ಯಳನ್ನು ಮಾಡಿಕೊಂಡಳು. ಹೊನವಾಡದವಳು ಕಳ್ಳನನ್ನು ಮಾಡಿಕೊಂಡಳು. ಎರಡನೆಯ ವಾರ ಖಾಲಾ ಎಲೆ ಅಡಿಕೆ ತಟ್ಟೆ ಹಿಡಿದು ಮೇಲೆ ಬಂದು, ಗೋಡೆಗೆ ಒರಗಿ ಕೂತು ನೋಡಿದರು. ಮೂರನೆಯ ವಾರ ಕೇಳಿಯೇ ಬಿಟ್ಟರು.

"ನನಗೊಬ್ಬಾಂವ ಬೇಕು. ಕುದರಿ ಮ್ಯಾಲೆ ಕುಂತಿರಬೇಕು. ಕೈಯಾಗ ಕತ್ತಿ ಇರಬೇಕು."

ಹೀಗೆ ದಳವಾಯಿ ಹುಟ್ಟಿದ. ಪುಸ್ತಕ ಕೇಳುವ ಬಹುಮೂಲೆಯ ದಾಳಗಳು ಪೊಟ್ಟಣದಲ್ಲಿ ಇರಲಿಲ್ಲ. ಆವರೆಗೆ ಹುಣಸೆ ಬೀಜ ತೇದು ಆಡುತ್ತಿದ್ದೆವು. ಖಾಲಾ ತಮ್ಮ ನಾಲ್ಕು ಕವಡೆ ತಂದರು. ಜೊತೆಗೆ ಕವಡೆಯ ರಿವಾಜೂ ಬಂತು. ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಎಣಿಕೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರಾ, ಎಂಟು. ಚೌಕ ಬಿದ್ದರೂ ಬಾರಾ ಬಿದ್ದರೂ ಅವರಿಗೇ ಇನ್ನೊಮ್ಮೆ ಹಾಕುವ ಹಕ್ಕು. ಚೌಕಾಬಾರಾ ಆಡಿದ ಯಾವ ಮನೆಯಲ್ಲಿ ಇದು ಗೊತ್ತಿಲ್ಲ? ನಮಗೆ ಅದು ನಿಯಮ ಎಂದೇ ಅನ್ನಿಸಲಿಲ್ಲ. ಕವಡೆ ಇದ್ದಲ್ಲಿ ಅದು ಇರಲೇಬೇಕು. ಹೊಡೆದಾಟದಲ್ಲಿ ಬಿದ್ದಷ್ಟನ್ನು ಎದುರಾಳಿಯ ಬಲದಿಂದ ಕಳೆಯುತ್ತಿದ್ದೆವು.

ನಾನು ಕೆಂಪು ಶಾಯಿಯಲ್ಲಿ ಬರೆದೆ: ಮೃಗಕ್ಕೆ ಕೊನೆಯ ಹೊಡೆತ ಕೊಟ್ಟವರು ಕವಡೆ ಹಾಕಿ, ಬಿದ್ದಷ್ಟನ್ನು ಬಲಕ್ಕೆ ಕೂಡಿಸಿಕೊಳ್ಳಬೇಕು. ಹತ್ತು ಬಲಕ್ಕೆ ಹೊಡೆತದ ಎಣಿಕೆ ಒಂದು ಹೆಚ್ಚು. ಪ್ರತಿ ಭಾನುವಾರ ಎಲ್ಲರೂ ಪೂರ್ತಿ ಬಲದಿಂದ ಶುರು ಮಾಡಬೇಕು.

ಖಾಲಾರ ಕೈ ಐವತ್ತು ವರ್ಷ ಕವಡೆ ಆಡಿದ ಕೈ. ಮಣಿಕಟ್ಟು ಸ್ವಲ್ಪ ತಿರುಗಿಸಿ ಬಿಟ್ಟರೆ ಕವಡೆಗಳು ಮಾತು ಕೇಳುತ್ತಿದ್ದವು. ಬಾರಾ, ಮತ್ತೆ ಚೌಕ, ಮತ್ತೆ ಮೂರು. ಒಂದೇ ಸಲಕ್ಕೆ ಹದಿನೈದು. ಬಲ ಏರಿದಂತೆ ಹೊಡೆತ ಜೋರು, ಹೊಡೆತ ಜೋರಾದಂತೆ ಕೊನೆಯ ಹೊಡೆತ ಅವರದೇ, ಕೊನೆಯ ಹೊಡೆತ ಅವರದಾದ್ದರಿಂದ ಮತ್ತೆ ಬಲವೂ ಅವರಿಗೇ. ಮೂರು ತಿಂಗಳಲ್ಲಿ ದಳವಾಯಿಯ ಎದುರು ನಿಲ್ಲುವ ಮೃಗವೇ ಕೋಟೆಯಲ್ಲಿ ಉಳಿಯಲಿಲ್ಲ. ನಾನು ಮೃಗಗಳನ್ನು ಬಲಿಸಿದೆ. ಆಗ ಅವುಗಳ ಒಂದು ಪೆಟ್ಟಿಗೇ ವೈದ್ಯಳು ಸಾಯುವ ಹಾಗಾಯಿತು. ಅವಳನ್ನು ಬಾಗಿಲ ಬಳಿಯ ಮೆಟ್ಟಿಲ ಕೆಳಗೆ ಕೂರಿಸಿ ಉಳಿದವರು ಒಳಗೆ ಹೋಗತೊಡಗಿದರು. ಔಷಧ ಯಾರಿಗೂ ಬೇಕಿರಲಿಲ್ಲ. ತಿಕೋಟಾದವಳು ಭಾನುವಾರಕ್ಕೆ ಉಣ್ಣೆ ಮತ್ತು ಸೂಜಿ ತರಲಾರಂಭಿಸಿದಳು.

ಅಂದು ಆಕೆ ಖೋಲಿಯ ಮಾತೆತ್ತಿದಾಗ ನಾನು ಕಾರಣ ಕೇಳಿದೆ.

"ಆರ ದಿನ ಸಾಲ್ಯಾಗ ಮಕ್ಕಳಿಗೆ ಸುಮ್ನ ಕುಂಡ್ರಿ ಅಂತೇನಿ. ಏಳನೇ ದಿನ ನೀ ನನಗ ಸುಮ್ನ ಕುಂಡ್ರು ಅಂತಿ. ಇದಕ್ಕ ದಿನಾ ಎರಡ ಸಲ ಬಸ್ಸಿನಾಗ ಜೋತಾಡ್ಲೇನು? ತಿಕೋಟಾದಾಗ ಇದ್ರ ನಿದ್ದಿನರ ಆಗತದ."

ಆಕೆ ಬಸ್ಸಿನ ಕಷ್ಟ ಸಹಿಸಿ ಈ ಖೋಲಿಯಲ್ಲಿ ಉಳಿದಿದ್ದೇ ಭಾನುವಾರಕ್ಕಾಗಿ ಎಂದು ನನಗೆ ಅಂದು ತಿಳಿಯಿತು. ತಿಂಗಳು ಮುಗಿಯಲು ಮೂರು ಭಾನುವಾರ ಉಳಿದಿದ್ದವು. ಆಕೆ ಹೋದರೆ ಆಟದ ಮಾತು ಬಿಡಿ, ಆ ಊರಿನಲ್ಲಿ ನನಗೆ ಗೆಳತಿ ಅಂತ ಬೇರೆ ಯಾರೂ ಇರಲಿಲ್ಲ.

ಮೊದಲನೆಯ ಭಾನುವಾರ ನಾನು ಕಪಟ ಮಾಡಿದೆ. ದಳವಾಯಿ ನೀರು ಕುಡಿಯಲು ಬಾವಿಗೆ ಇಳಿದಾಗ ಕಪಿಯೊಂದು ಬಂದು ಅವನ ಕತ್ತಿ ಹೊತ್ತೊಯ್ದಿತು ಎಂದು ಹೇಳಿದೆ. ಕವಡೆ ಹಾಕಲು ಅವಕಾಶವನ್ನೇ ಕೊಡಲಿಲ್ಲ.

ಖಾಲಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಯಾ ಕಪಿ ಬೇ?"

"ಕೋಟಿ ಕಪಿ ರಿ."

"ಮೂರ ತಿಂಗಳಾತು, ಒಂದ್ ಕಪಿ ಕಂಡಿಲ್ಲ. ಇವತ್ತ ನನ್ನ ಕತ್ತಿಗೇ ಬಂತೇನು? ಮಾಸ್ತರಕಿ ಮಾಡಾಕಿ ನೀ, ಹಿಂಗ ಕಳವು ಮಾಡ್ತಿ?"

"ಕಳ್ಳ ನಾ ರಿ ಖಾಲಾ, ಆಕಿ ಅಲ್ಲ" ಅಂದಳು ಹೊನವಾಡದವಳು, ನಗಿಸಲು. ಯಾರೂ ನಗಲಿಲ್ಲ. ನಾನು ಕತ್ತಿಯನ್ನು ವಾಪಸು ಕೊಡಿಸಿದೆ. ಅಂದು ಚಾಪೆಯನ್ನು ನಾಲ್ಕಕ್ಕೇ ಮಡಚಿದೆವು. ಒಂದು ಗಂಟೆ ಮೊದಲು ಮುಗಿದದ್ದು ಅದೊಂದೇ ಸಲ.

ಆ ವಾರ ಬಬಲೇಶ್ವರದ ಬಸ್ಸಿನಲ್ಲಿ ಹೋಗುತ್ತ ಬರುತ್ತ ಇಂಗ್ಲಿಷ್ ಪುಸ್ತಕಗಳನ್ನು ಮತ್ತೆ ಮೊದಲಿನಿಂದ ಓದಿದೆ. ಅರಕೇರಿ ಹಳ್ಳಿಯಿಂದ ದಿನಾ ಬರುತ್ತಿದ್ದ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು, "ಪರೀಕ್ಷಾ ಕಟ್ಟೀರೇನ್ರಿ ಬಾಯಾರ?" ಎಂದು ಕೇಳಿದರು. ಹೌದು ಎಂದೆ. ಗುರುವಾರ ತಪ್ಪು ಸಿಕ್ಕಿತು. ಗೆದ್ದದ್ದರ ಫಲ ಕೊನೆಯ ಹೊಡೆತ ಕೊಟ್ಟವನಿಗಲ್ಲ, ಜೊತೆಯಲ್ಲಿದ್ದವರಿಗೆಲ್ಲ ಹಂಚಬೇಕು ಎಂದಿತ್ತು. ಆ ಸಾಲು ಎಡಪುಟದ ಬುಡದಲ್ಲಿತ್ತು, ನಾನು ಓದದೆ ಪುಟ ತಿರುವಿದ್ದೆ. ಇನ್ನೊಂದು ತಪ್ಪು ಪುಸ್ತಕದ್ದಲ್ಲ, ನಮ್ಮದೇ. ಚೌಕಾಬಾರಾದಲ್ಲಿ ಇನ್ನೊಮ್ಮೆ ಹಾಕುವ ಹಕ್ಕು ಕಾಯಿ ನಡೆಸಲಿಕ್ಕೆ. ಕಾಯಿ ಎಷ್ಟು ಓಡಿದರೂ ಮಧ್ಯದ ಮನೆ ಮುಟ್ಟಿದ ಮೇಲೆ ಮುಗಿಯಿತು. ಬಲಕ್ಕೆ ಅಂಥ ಮಧ್ಯದ ಮನೆ ಇಲ್ಲ. ಕೊನೆಯಿಲ್ಲದ ದಾರಿಯಲ್ಲಿ ನಾನು ಆ ರಿವಾಜನ್ನು ಬಿಟ್ಟುಬಿಟ್ಟಿದ್ದೆ.

ಮೂರು ತಿಂಗಳು ಗೆಳತಿಯನ್ನು ಮೆಟ್ಟಿಲ ಕೆಳಗೆ ಕೂರಿಸಿದ್ದು ಖಾಲಾ ಅಲ್ಲ, ನನ್ನ ಕೆಂಪು ಶಾಯಿ.

ಎರಡನೆಯ ಭಾನುವಾರ, ಸರಿಯಾಗಿ ಎರಡಕ್ಕೆ, ನೋಟ್‌ಬುಕ್ಕನ್ನು ಚಾಪೆಯ ನಡುವೆ ತೆರೆದಿಟ್ಟೆ. ಕೆಂಪಿನ ಮೊದಲ ಸಾಲನ್ನು ಎಲ್ಲರ ಮುಂದೆ ಹೊಡೆದುಹಾಕಿದೆ.

"ತಪ್ಪು ನಂದು. ಇನ್ನ ಮ್ಯಾಲೆ ಗೆದ್ದದ್ದು ಎಲ್ಲಾರಿಗೂ ಸಮ. ಬಲ ಕೂಡಿಸೋವಾಗ ಒಂದೇ ಸಲ ಹಾಕೂದು. ಚೌಕ ಬಿದ್ರೂ, ಬಾರಾ ಬಿದ್ರೂ."

ಖಾಲಾ ನನ್ನನ್ನೇ ನೋಡಿದರು. "ನಂದು ಅರವತ್ತೊಂದು?"

ನಾನು ಅದನ್ನು ಮೂವತ್ತಕ್ಕೆ ಇಳಿಸಬೇಕೆಂದುಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಅವರಿಗೆ ಗೊತ್ತಾಯಿತು.

"ಒಲಿ ಮುಂದ ನಲವತ್ತ ವರ್ಷ ಕುಂತೇನಿ. ಈಗ ಕುದರಿ ಹತ್ತೇನಿ. ಈಗ ನೀ ಇಳಿ ಅಂತಿ. ನಾ ಏನ್ ಮೋಸ ಮಾಡೇನಿ? ನೀ ಬರದಿ, ನಾ ಹಾಕಿದೆ, ಬಿತ್ತು. ಕೊಟ್ಟದ್ದ ಕಸಗೋತಿ?"

ತಿಕೋಟಾದವಳು ಹೆಣಿಗೆ ನಿಲ್ಲಿಸಿದಳು. "ಬಿಡು. ಅವರ ಅಂಕಿ ಮುಟ್ಟಬ್ಯಾಡ. ನನ್ ಸಲುವಾಗಿ ಅವರ ಕತ್ತಿ ಮೊಂಡ ಮಾಡಿ ನನಗೇನ ಬರತದ?"

ಇದು ನಿಜ. ಖಾಲಾರನ್ನು ಇಳಿಸಿದ ಮಾತ್ರಕ್ಕೆ ವೈದ್ಯಳಿಗೆ ಕೆಲಸ ಬರುವುದಿಲ್ಲ. ದಳವಾಯಿಗೆ ಏಟು ಬೀಳುತ್ತಿರಲಿಲ್ಲ ಎಂದಲ್ಲ, ಪ್ರತಿ ವಾರ ಬೀಳುತ್ತಿತ್ತು. ಮುಂದಿನ ಭಾನುವಾರ ಚಾಪೆ ಹಾಸುವ ಹೊತ್ತಿಗೆ ಅದು ತಾನೇ ಮಾಯುತ್ತಿತ್ತು, ಏಕೆಂದರೆ ಎಲ್ಲರೂ ಪೂರ್ತಿ ಬಲದಿಂದ ಶುರು ಮಾಡಬೇಕೆಂದು ನಾನೇ ಬರೆದಿದ್ದೆ. ಮೂರನೆಯ ಸಾಲಿನ ಮೇಲೂ ಗೀಟು ಎಳೆದೆ.

"ಅರವತ್ತೊಂದು ಹಂಗ ಇರಲಿ ರಿ ಖಾಲಾ. ಆದರ ಬಿದ್ದ ಏಟು ತಾನ ಮಾಯೂದಿಲ್ಲ. ವಾರ ಆದ್ರೂ ಇಲ್ಲ, ತಿಂಗಳಾದ್ರೂ ಇಲ್ಲ. ಔಷಧ ಹಾಕಿದ್ರ ಅಷ್ಟ. ಆಕಿ ಕವಡಿ ಹಾಕಬೇಕು, ಬಿದ್ದಷ್ಟ ಬಲ ತಿರುಗಿ ಬರತದ."

ಖಾಲಾ ಎಲೆಗೆ ಸುಣ್ಣ ಹಚ್ಚಿದರು, ಮಡಚಿದರು, ಬಾಯಿಗಿಟ್ಟರು. ಕೆಳಗೆ ಓಣಿಯಲ್ಲಿ ತಳ್ಳುಗಾಡಿಯವನೊಬ್ಬ ಕೂಗುತ್ತ ದಾಟಿ ಹೋದ.

"ಆತು. ಆದರ ಹೊಡೆದಾಟದಾಗ ಕವಡಿ ರಿವಾಜ್ ಬಿಡಾಂಗಿಲ್ಲ. ಚೌಕ, ಬಾರಾ ಬಿದ್ರ ಇನ್ನೊಂದ. ಅದು ನಾ ಮಾಡಿದ್ದಲ್ಲ, ನೀ ಮಾಡಿದ್ದಲ್ಲ."

"ಆತ್ರಿ. ಎಲ್ಲಾರಿಗೂ."

"ಎಲ್ಲಾರಿಗೂ" ಅಂದರು ಖಾಲಾ.

ಅಂದು ಅವರು ಹಟದಿಂದ ಆಡಿದರು. ಕಂದಕದ ಮೊಸಳೆಯ ಮೇಲೆ ಒಬ್ಬರೇ ಬಿದ್ದರು, ಎರಡು ತಲೆಯ ತೋಳದ ಮೇಲೂ ಒಬ್ಬರೇ. ಎರಡೂ ಪೆಟ್ಟು ತಿಂದು ಓಡಿದವು, ಗೆದ್ದ ಬಲ ಯಾರಿಗೂ ಬರಲಿಲ್ಲ. ಪ್ರತಿ ಸಲ ತಿಕೋಟಾದವಳು, "ಔಷಧ ಹಾಕ್ಲೇನ್ರಿ?" ಎಂದು ಕೇಳಿದಳು. ಪ್ರತಿ ಸಲ ಖಾಲಾ, "ನನಗ್ಯಾಕ ಬೇ, ಕೆರಿಯೋ ಗಾಯಕ್ಕ?" ಅಂದರು. ಐದಕ್ಕೆ ದಳವಾಯಿಯ ಹೆಸರಿನ ಮುಂದೆ ನಾನು ಬರೆದ ಅಂಕಿ ಇಪ್ಪತ್ತೇಳು.

ಮುಂದಿನ ಆರು ದಿನ ಮನೆ ಬಿಗಿಯಾಗಿತ್ತು. ಖಾಲಾ ಬೆಳಿಗ್ಗೆ ಆರಕ್ಕೆ ಮೆಟ್ಟಿಲ ಬುಡದಲ್ಲಿ ಚಹಾದ ಕೆಟಲಿ ಇಟ್ಟು, "ಮಾಸ್ತರಕಿಯವರ!" ಎಂದು ಕೂಗುವುದು ರೂಢಿ. ಆ ವಾರ ಕೆಟಲಿ ಬಂತು, ಕೂಗು ಬರಲಿಲ್ಲ. ಹೊನವಾಡದವಳು ಪಿಸುಗುಟ್ಟಿದಳು: "ಆಕಿ ತಿಕೋಟಾಕ್ಕ ಹೋಗ್ತಾಳ, ನಮ್ಮನ್ನ ಖಾಲಾ ಹೊರಗ ಹಾಕ್ತಾರ. ಛಲೋ ಆಟ ಕಲಿಸಿದಿ ನೀ." ತಿಕೋಟಾದವಳು ಸೋಮವಾರ ಖೋಲಿಯವರಿಗೆ ಕೊನೆಯ ಮಾತು ಕೊಡಬೇಕಿತ್ತು. ಶನಿವಾರ ತನ್ನ ಟ್ರಂಕಿನ ಮೇಲಿದ್ದ ಪುಸ್ತಕಗಳನ್ನು ಇಳಿಸಿ, ಮುಚ್ಚಳದ ಧೂಳು ಒರೆಸಿದಳು. ನಾನು ನೋಡದವಳಂತೆ ಮಕ್ಕಳ ಉತ್ತರ ಪತ್ರಿಕೆ ತಿದ್ದಿದೆ. ತಿದ್ದಿದ ಮೂರನ್ನು ಮತ್ತೆ ತಿದ್ದಬೇಕಾಯಿತು.

ಮೂರನೆಯ ಭಾನುವಾರ ಎರಡಾದರೂ ಖಾಲಾ ಬರಲಿಲ್ಲ. ಎರಡೂ ಐದು. ಎರಡೂ ಹತ್ತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಬಂತು. ಖಾಲಾ ಕೂತು ಕವಡೆಗಳನ್ನು ಚಾಪೆಯ ಮೇಲೆ ಸುರಿದರು.

"ನಡಿ. ಏಳನೇ ಬಾಗಲಾ."

ಏಳನೆಯ ಬಾಗಿಲಲ್ಲಿ ನಾನು ಕಬ್ಬಿಣದ ಹುಲಿಯನ್ನು ನಿಲ್ಲಿಸಿದ್ದೆ. ಬಲ ನಲವತ್ತು. ಅದು ನನ್ನದಾದ್ದರಿಂದ ಅದರ ಕವಡೆ ಹಾಕುವವಳು ನಾನು. ಇಪ್ಪತ್ತೇಳರ ದಳವಾಯಿ ಮತ್ತೆ ಒಬ್ಬನೇ ಮುಂದೆ ಹೋದ. ಕಳ್ಳ ಹಿಂದಿನಿಂದ ಎರಡು ಇರಿತ ಕೊಟ್ಟ. ಖಾಲಾರ ಕೈ ಆ ದಿನವೂ ಚೆನ್ನಾಗಿಯೇ ಬಿತ್ತು. ಆದರೆ ಬಲ ಇಳಿದಂತೆ ಹೊಡೆತವೂ ಇಳಿಯುತ್ತಿತ್ತು. ಹದಿನೆಂಟು. ಹನ್ನೊಂದು. ಏಳು. ಹುಲಿಗೂ ಆರು ಉಳಿದಿತ್ತು. ಮುಂದಿನ ಏಟಿಗೆ ದಳವಾಯಿಗೆ ಉಳಿದದ್ದು ಎರಡು.

ಖಾಲಾ ಉಳಿದ ಬಲವನ್ನು ಎರಡು ಬೆರಳಲ್ಲಿ ಎಣಿಸಿ ನೋಡಿಕೊಂಡರು. ತಿಕೋಟಾದವಳ ಕಡೆ ತಿರುಗಲಿಲ್ಲ. ಚಾಪೆಯ ಅಂಚನ್ನು ನೋಡುತ್ತ ಹೇಳಿದರು: "ಆ ನಿನ್ ಎಲಿ ಗಿಲಿ ಏನರ ಇದ್ರ ಹಾಕು."

ತಿಕೋಟಾದವಳು ಉಣ್ಣೆಯನ್ನು ಬದಿಗಿಟ್ಟು ಕವಡೆ ಎತ್ತಿಕೊಂಡಳು. ಮೂರು ಬಿತ್ತು. ದಳವಾಯಿಗೆ ಐದಾಯಿತು. ಇನ್ನು ಹುಲಿಯ ಸರದಿ. ನಾನು ಹಾಕಿದೆ. ನಾಲ್ಕೂ ಬಾಯಿ ಮೇಲೆ. ಚೌಕ. ದಳವಾಯಿಗೆ ಒಂದು.

ನಾನು ಕವಡೆಗಳನ್ನು ಮುಟ್ಟಲಿಲ್ಲ.

"ಯಾಕ ಕುಂತಿ?" ಅಂದರು ಖಾಲಾ.

"ಚೌಕ ಬಿದ್ದೇತ್ರಿ. ಹುಲಿದು ಇನ್ನೊಂದ ಐತಿ."

"ಹುಲಿಗೆಲ್ಲಿ ರಿವಾಜ್ ಬೇ!"

"ಎಲ್ಲಾರಿಗೂ ಅಂದೀರಿ ಖಾಲಾ" ಅಂದಳು ಹೊನವಾಡದವಳು. ಆಕೆಯ ದನಿಯಲ್ಲೂ ತಮಾಷೆ ಇರಲಿಲ್ಲ.

ಖಾಲಾ ಎಲೆ ಅಗಿಯುವುದು ನಿಂತಿತು. ಕವಡೆಯಲ್ಲಿ ಸೊನ್ನೆ ಇಲ್ಲ. ಏನು ಬಿದ್ದರೂ ದಳವಾಯಿ ಸಾಯುತ್ತಾನೆ. ಅದು ಚಾಪೆಯ ಮೇಲಿದ್ದ ನಾಲ್ವರಿಗೂ ಗೊತ್ತಿತ್ತು. ಅವನು ಸತ್ತರೆ ಖಾಲಾ ಮತ್ತೆ ಮೇಲೆ ಬರುವುದಿಲ್ಲ. ನಾಳೆ ತಿಕೋಟಾದವಳು ಬಸ್ಸಿನಿಂದ ಇಳಿದು ನೇರ ಆ ಖೋಲಿಗೆ ಹೋಗುತ್ತಾಳೆ.

"ಹಾಕು" ಅಂದರು ಖಾಲಾ. "ಅಂದೇನಿ. ಹಾಕು."

ನಾನು ಕವಡೆಗಳನ್ನು ಅಂಗೈಗೆ ತೆಗೆದುಕೊಂಡೆ.

"ತಡಿ" ಅಂದಳು ತಿಕೋಟಾದವಳು. ಮೊಣಕಾಲ ಮೇಲೆ ಎದ್ದು ಕೂತಿದ್ದಳು. "ನಮ್ಮಾಕಿ ನಡುವ ನಿಂತಾಳ. ಹುಲಿ ಪಂಜಾ ಎತ್ತಿದಾಗ ಓಡಿ ಬಂದ ದಳವಾಯಿ ಮುಂದ ನಿಂತಾಳ. ಹೊಡೀಲಿ, ಆಕಿಗೆ ಹೊಡೀಲಿ."

ನೋಟ್‌ಬುಕ್ಕಿನಲ್ಲಿ ಅಂಥ ನಿಯಮ ಇರಲಿಲ್ಲ. ಒಬ್ಬರಿಗೆ ಬರುವ ಏಟನ್ನು ಇನ್ನೊಬ್ಬರು ತೆಗೆದುಕೊಳ್ಳಬಹುದೇ? ಸರದಿ ಮೀರಿ ಓಡಬಹುದೇ? ಇಂಗ್ಲಿಷ್ ಪುಸ್ತಕದಲ್ಲಿ ಏನಿದೆ ಎಂದು ಹುಡುಕಲು ಕೈ ಚಾಚಿದೆ. ಮೂವರೂ ನನ್ನ ಕೈಯನ್ನೇ ನೋಡುತ್ತಿದ್ದರು. ಕೈ ಹಿಂದಕ್ಕೆ ತೆಗೆದುಕೊಂಡೆ.

"ನಡೀತದ" ಅಂದೆ.

"ಎಷ್ಟೈತಿ ನಿನ್ ಬಲಾ?" ಖಾಲಾ ಈಗ ಅವಳ ಕಡೆ ತಿರುಗಿದ್ದರು.

"ಒಂಬತ್ರಿ."

"ಬಾರಾ ಬಿದ್ದು ಮ್ಯಾಲೆ ಇನ್ನೊಂದ ಬಿದ್ರ ಸಾಯ್ತಿ ಹುಚ್ಚಿ. ಸರಿ ಹಿಂದಕ್ಕ."

"ಮೂರ ತಿಂಗಳ ಮೆಟ್ಟಿಲ ಕೆಳಗ ಕುಂತೇನ್ರಿ. ಇನ್ನ ಸರಿಯಾಂಗಿಲ್ಲ."

ನಾನು ಹಾಕಿದೆ. ಒಂದು ಕವಡೆ ಚಾಪೆಯ ಅಂಚಿನವರೆಗೆ ಉರುಳಿ, ಬಾಯಿ ಮೇಲೋ ಕೆಳಗೋ ಎಂಬಂತೆ ಅಲುಗಾಡಿ ಮಗುಚಿಕೊಂಡಿತು. ಮೂರು. ವೈದ್ಯಳಿಗೆ ಆರು ಉಳಿಯಿತು.

ಆಮೇಲೆ ತಿಕೋಟಾದವಳು ಯಾರನ್ನೂ ಕೇಳಲಿಲ್ಲ, ಕಳ್ಳನಿಗೆ ಅಪ್ಪಣೆ ಕೊಟ್ಟಳು. "ನೀ ಇವರನ್ನ ಹೊತಗೊಂಡ ಹೋಗಿ ಮೆಟ್ಟಿಲ ಕೆಳಗ ಕುಂಡ್ರಸು. ಖಾಲಾ, ಈಗ ನಿಮ್ಮಾಂವ ಅಲ್ಲಿರಲಿ. ಗಾಯ ಮಾಯೂತನಕ ನಾ ಬಾಗಲಾ ಕಾಯ್ತೇನಿ."

"ನನ್ನ ದಳವಾಯಿ? ಮೆಟ್ಟಿಲ ಕೆಳಗ?"

"ಉಣ್ಣಿ ಸೂಜಿ ಬೇಕಾದ್ರ ಕೊಡ್ತೇನ್ರಿ."

ಖಾಲಾ ಬೈಯುತ್ತಾರೆಂದೇ ಅಂದುಕೊಂಡೆ. ಅವರು ಕವಡೆಗಳನ್ನು ಒಂದೊಂದಾಗಿ ಆರಿಸಿ ಅವಳ ಅಂಗೈಯಲ್ಲಿ ಇಟ್ಟರು, ಅವಳ ಮಣಿಕಟ್ಟನ್ನು ಹಿಡಿದು ಸ್ವಲ್ಪ ತಿರುಗಿಸಿದರು. "ಹಿಂಗ ಬಿಡು. ಕಲ್ಲ ಒಗದಂಗ ಒಗೀತಿ, ಅದಕ್ಕ ಬೀಳೂದಿಲ್ಲ ನಿನಗ." ಗಡಿಯಾರ ಐದು ಹೊಡೆಯಿತು. ಹುಲಿಗೆ ಇನ್ನೂ ಆರು ಬಲ ಉಳಿದಿತ್ತು. ನಾನು ಅಂಕಿ ಬರೆದು ಚಾಪೆ ಮಡಚಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ಕೆಟಲಿಯ ಸದ್ದಿನ ಹಿಂದೆಯೇ ಕೂಗು ಬಂತು.

"ಔಷಧದಾಕಿ! ನಮ್ಮಾಂವಗ ಇವತ್ತ ಏನರ ಹಾಕ್ತಿಯೋ ಇಲ್ಲೋ?"

ತಿಕೋಟಾದವಳು ಜಡೆ ಹಾಕಿಕೊಳ್ಳುತ್ತ ಮೇಲಿನಿಂದಲೇ ಕೂಗಿದಳು: "ಸೋಮವಾರ ದವಾಖಾನಿ ಬಂದ್ ರಿ ಖಾಲಾ! ಐತವಾರ ಬರ್ರಿ, ಪಾಳಿ ಹಚ್ಚರಿ!"

ನಾನು ಖೋಲಿಯ ಮಾತು ಎತ್ತಲಿಲ್ಲ. ಬಬಲೇಶ್ವರಕ್ಕೆ ಹೋದೆ, ಏಳು ತಾಸು ಪಾಠ ಮಾಡಿದೆ, ವಾಪಸು ಬಂದೆ. ಸಂಜೆ ಆಕೆ ಬಂದಾಗ ಟ್ರಂಕು ಗೋಡೆಯ ಬದಿಗೇ ಇತ್ತು. ಆಕೆ ಚೀಲ ಇಳಿಸಿ, ಕೈಕಾಲು ತೊಳೆದು, ನೆಲದ ಮೇಲಿದ್ದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಟ್ರಂಕಿನ ಮೇಲೆ ಜೋಡಿಸಿದಳು.

"ಒಲ್ಲೆ ಅಂದ ಬಂದೆ" ಅಂದಳು, ನನ್ನ ಕಡೆ ನೋಡದೆ. "ಆ ಖೋಲಿಗೆ ಗಾಳೀನ ಇಲ್ಲ."

ನಾನು ನೋಟ್‌ಬುಕ್ ತೆರೆದು, ಹೊಡೆದುಹಾಕಿದ ಎರಡು ಸಾಲುಗಳ ಕೆಳಗೆ ಕೆಂಪು ಶಾಯಿಯಲ್ಲಿ ಹೊಸದೊಂದನ್ನು ಬರೆದೆ: ಸರದಿ ಇಲ್ಲದಿದ್ದರೂ ಒಬ್ಬರ ಮುಂದೆ ಇನ್ನೊಬ್ಬರು ನಿಲ್ಲಬಹುದು.